ಅಪ್‌ಡೇಟ್: ಬಿಗಿದುಕೊಂಡಿದ್ದ ಗೇಟ್ ವಾಲ್ವ್ ಕೊನೆಗೂ ತಿರುಗಿತು

ವರ್ಷಗಟ್ಟಲೆ ಯಾರೂ ಮುಟ್ಟದ 150 ಮಿ.ಮೀ. ಗೇಟ್ ವಾಲ್ವ್ (ಪೈಪಿನ ನೀರು ನಿಲ್ಲಿಸುವ, ಬಿಡುವ ಸಾಧನ) ತಿರುಗಿಸಿದರೆ ಅದರ ಸ್ಪಿಂಡಲ್, ಅಂದರೆ ತಿರುಗುವ ಕಂಬಿ, ಮುರಿಯುತ್ತಾ ಅಂತ ಇಲ್ಲಿ ಕೇಳಿದ್ದೆ. ಆಸ್ಪತ್ರೆಗೆ ಹೋಗುವ ನೀರಿನ ಲೈನು ಅದು, ಅದಕ್ಕೇ ಅಷ್ಟು ಭಯ. ವಾಲ್ವ್ ತಿರುಗಿಸಲು ಉದ್ದ ಹಿಡಿಯ ಕೀ ಹಾಕಿ ಜೋರು ಮಾಡಬೇಡಿ ಅಂತ ನೀವೆಲ್ಲ ಅಂದಿರಿ. ಆ ಮಾತೇ ಉಳಿಸಿತು.

ಈ ಅಳತೆಯ ವಾಲ್ವ್ ಪೂರ್ತಿ ಮುಚ್ಚಲು ಸುಮಾರು 20 ಸುತ್ತು ಬೇಕು. ನಮ್ಮದು 12ಕ್ಕೇ ನಿಂತಿತು. ಮುಚ್ಚಿತು ಅಂದುಕೊಂಡು ಬಿಟ್ಟುಬಿಡುತ್ತಿದ್ದೆ, ಸುತ್ತು ಎಣಿಸಿದ್ದರಿಂದ ಗೊತ್ತಾಯಿತು. ಎರಡು ಮೂರು ಸುತ್ತು ಹಿಂದಕ್ಕೆ, ಮತ್ತೆ ಐದು ಮುಂದಕ್ಕೆ, ಹೀಗೇ ಮಾಡುತ್ತಾ ಹೋದೆವು. ಕೀ ಹಿಡಿದ ಕೈಗೆ ಒಳಗಿನ ಕರಕರ ತಿಳಿಯುತ್ತಿತ್ತು. ಮುಂದಿನ ಹೈಡ್ರಂಟ್ (ಲೈನಿನ ನೀರು ಹೊರಬಿಡುವ ದೊಡ್ಡ ನಲ್ಲಿ) ತೆರೆದಿಟ್ಟಿದ್ದೆವು. ಮೊದಲು ತುಕ್ಕು ಬಣ್ಣದ ನೀರು, ಹಿಂದೆಯೇ ಸಣ್ಣ ಮರಳು. ಅದು ತಿಳಿಯಾಗುತ್ತಿದ್ದಂತೆ ಕೀ ಹಗುರವಾಯಿತು. 20ನೇ ಸುತ್ತಿಗೆ ಮುಚ್ಚಿತು. ಕೊನೆಯ ಕೆಲವು ಸುತ್ತು ತುಂಬಾ ನಿಧಾನ ಮಾಡಿದೆವು, ಇಲ್ಲದಿದ್ದರೆ ವಾಟರ್ ಹ್ಯಾಮರ್ (ಹರಿವು ತಟ್ಟನೆ ನಿಂತಾಗ ಬೀಳುವ ಒತ್ತಡದ ಹೊಡೆತ) ಬಂದು ಪೈಪೇ ಒಡೆಯಬಹುದು, ಅಲ್ವಾ?

ಇನ್ನೊಂದು ವಿಷಯ. ಪಕ್ಕದ ವಾಲ್ವ್ ಅರ್ಧ ಮುಚ್ಚಿಯೇ ಇತ್ತು! ಹಳೇ ರಿಪೇರಿ ಆದಮೇಲೆ ಯಾರೂ ಪೂರ್ತಿ ತೆರೆದಿಲ್ಲ. ಕೊನೆಯ ಮನೆಗಳಿಗೆ ಪ್ರೆಷರ್ ಇಲ್ಲ ಅಂತ ಸುಮ್ನೆ ಪಂಪನ್ನು ಬೈಯುತ್ತಿದ್ದೆವು.

ಈಗ ಪ್ರತಿ ವಾಲ್ವಿಗೂ ತಿರುಗುವ ದಿಕ್ಕು, ಸುತ್ತಿನ ಲೆಕ್ಕ, ಈಗಿನ ಸ್ಥಿತಿ ಬರೆದಿಡುತ್ತಿದ್ದೇವೆ. ಯಾವುದು ಕೆಟ್ಟರೆ ಜಾಸ್ತಿ ಜನಕ್ಕೆ ನೀರು ನಿಲ್ಲುತ್ತೋ ಅದನ್ನು ತಿರುಗಿಸಿ ನೋಡುವುದಕ್ಕೇ ಮೊದಲ ಸರದಿ, ವರ್ಷಕ್ಕೊಮ್ಮೆ. ಆಸ್ಪತ್ರೆ ವಾಲ್ವಿನ ಗ್ಲ್ಯಾಂಡಿನಲ್ಲಿ (ಸ್ಪಿಂಡಲ್ ಹೊರಬರುವ ಜಾಗ) ಸ್ವಲ್ಪ ತೊಟ್ಟಿಕ್ಕುತ್ತಿದೆ, ಅಲ್ಲಿ ಸೋರದಂತೆ ತುಂಬುವ ಪ್ಯಾಕಿಂಗ್ ಬದಲಿಸಬೇಕು. ಸಹಾಯ ಮಾಡಿದ ಎಲ್ಲರಿಗೂ ಮನಸಾರೆ ಧನ್ಯವಾದ.