ರಜೆ ಮುಗಿಸಿ ಲಡಾಖ್‌ಗೆ ಹೊರಟ ತಮ್ಮ: ಶ್ವಾಸಕೋಶದಲ್ಲಿ ನೀರು ತುಂಬೋದು ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ 24 ವರ್ಷ, ಲಡಾಖ್‌ನಲ್ಲಿ ಡ್ಯೂಟಿ. ಒಂದೂವರೆ ತಿಂಗಳು ರಜೆಗೆ ಬಂದಿದ್ದ, ಮುಂದಿನ ವಾರ ವಾಪಸ್ ಹೋಗ್ತಾನೆ. ಅವನ ಜೊತೆಗಾರನೊಬ್ಬ ಹೋದ ವರ್ಷ ಅಲ್ಲಿ ತೀರಿಕೊಂಡ. ಗುಂಡೇಟಲ್ಲ. ಹನುಮಂತಪ್ಪ ಕೊಪ್ಪದ ಅವರ ಹಾಗೆ ಹಿಮದಲ್ಲಿ ಸಿಕ್ಕಿಕೊಂಡಿದ್ದೂ ಅಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿತ್ತಂತೆ. ಗಟ್ಟಿಮುಟ್ಟಾದ ಹುಡುಗನಿಗೆ ಹೀಗೂ ಆಗುತ್ತಾ?

ಉತ್ತರ: ಆಗುತ್ತೆ ಅಮ್ಮ. ಸೇನೆಯಲ್ಲಿ ಇದನ್ನು ‘ಹ್ಯಾಪೊ’ ಅಂತಾರೆ, ಅಂದ್ರೆ ತುಂಬಾ ಎತ್ತರದ ಜಾಗಕ್ಕೆ ಹೋದಾಗ ಶ್ವಾಸಕೋಶದಲ್ಲಿ ನೀರು ತುಂಬೋ ಕಾಯಿಲೆ. ಲೇಹ್ ಇರೋದೇ ಸುಮಾರು 11,500 ಅಡಿ ಎತ್ತರದಲ್ಲಿ. ಆಕ್ಸಿಜನ್ ಕಮ್ಮಿಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ಬಿಗಿಯದ ಜಾಗದಲ್ಲಿ ಒತ್ತಡ ಜಾಸ್ತಿಯಾಗಿ ನೀರು ಗಾಳಿಗೂಡುಗಳಿಗೆ ಜಿನುಗುತ್ತೆ. ಹೃದಯ ಚೆನ್ನಾಗೇ ಇರುತ್ತೆ. ಅದಕ್ಕೇ ಭರ್ತಿ ವೇಳೆಯ ಮೆಡಿಕಲ್‌ನಲ್ಲಿ ಇದರ ಸುಳಿವೇ ಸಿಗಲ್ಲ. 1962ರ ಯುದ್ಧದ ಹೊತ್ತಲ್ಲಿ ಬಯಲಿನಿಂದ ಅವಸರವಾಗಿ ಮೇಲೆ ಕಳಿಸಿದ ಎಷ್ಟೋ ಸೈನಿಕರಿಗೆ ಹೀಗಾಯ್ತು. ಅವರನ್ನು ನೋಡಿಕೊಂಡ ನಮ್ಮ ಸೇನಾ ವೈದ್ಯರು ಬರೆದಿಟ್ಟಿದ್ದರಿಂದಲೇ ಈ ಕಾಯಿಲೆ ಬಗ್ಗೆ ಜಗತ್ತಿಗೆ ಬಹಳಷ್ಟು ತಿಳಿಯಿತು.

ಸಾಮಾನ್ಯವಾಗಿ ಮೇಲೆ ಹೋದ ಎರಡರಿಂದ ನಾಲ್ಕನೇ ದಿನದೊಳಗೆ, ಅದೂ ರಾತ್ರಿ ಹೊತ್ತು ಜೋರಾಗುತ್ತೆ. ನಾನು ನೋಡಿದ ಒಬ್ಬ ಹುಡುಗ ಮಲಗೋಕಾಗದೆ ಗೋಡೆಗೆ ಒರಗಿ ಕೂತಿದ್ದ. ‘ಬರೀ ಕೆಮ್ಮು ಸಾಬ್’ ಅಂದ. ಉಗುರು ನೀಲಿಗಟ್ಟಿತ್ತು. ಸ್ಟೆತಸ್ಕೋಪ್ ಇಟ್ಟರೆ ಎದೆಯೊಳಗೆ ಸಾಸಿವೆ ಸಿಡಿದ ಹಾಗೆ ಚಟಪಟ. ಆಕ್ಸಿಜನ್ ಹಾಕಿ, ಬೆಳಗಾಗುತ್ತಲೇ ಕೆಳಗಿಳಿಸಿದೆವು. ಉಳಿದ. ಇನ್ನೊಂದು ರಾತ್ರಿ ‘ಬರೀ ಕೆಮ್ಮು’ ಅಂತ ಸುಮ್ನಿದ್ದಿದ್ರೆ ಉಳಿಯುತ್ತಿರಲಿಲ್ಲ.

ಪ್ರಶ್ನೆ: ಎರಡು ವರ್ಷದಿಂದ ಅಲ್ಲೇ ಇದ್ದಾನಲ್ಲ ಸರ್, ದೇಹ ಒಗ್ಗಿರಲ್ವಾ?

ಉತ್ತರ: ಇಲ್ಲೇ ಎಷ್ಟೋ ಜನ ಏಮಾರೋದು. ಕೆಲವು ವಾರ ಊರಲ್ಲಿದ್ದರೆ ಆ ಒಗ್ಗಿಕೆ ಹೊರಟುಹೋಗುತ್ತೆ. ಒಂದೂವರೆ ತಿಂಗಳು ಕೆಳಗಿದ್ದವನು ಹೊಸಬನ ಲೆಕ್ಕವೇ. ಸೇನೆಯ ಪದ್ಧತಿಯಂತೆ 12,000 ಅಡಿವರೆಗೆ 6 ದಿನ, ಆಮೇಲೆ 15,000ದವರೆಗೆ 4 ದಿನ, ಅದಕ್ಕೂ ಮೇಲೆ ಹೋಗೋದಾದರೆ ಮತ್ತೆ 4 ದಿನ. ಮೊದಲೆರಡು ದಿನ ವಿಶ್ರಾಂತಿ. ‘ನಾನು ಹಳಬ, ನನಗೇನಾಗಲ್ಲ’ ಅಂತ ಆ ಎರಡು ದಿನ ಭಾರ ಹೊರೋದು, ಓಡೋದು ಬೇಡವೇ ಬೇಡ.

ಹೊರಡುವ ದಿನ ನೆಗಡಿ, ಜ್ವರ ಇದ್ದರೆ ಅಪಾಯ ಇನ್ನೂ ಜಾಸ್ತಿ, ಮುಚ್ಚಿಡದೆ ಡಾಕ್ಟರಿಗೆ ಹೇಳಲಿ. ಮೇಲೆ ಹೋದಮೇಲೆ ನಾಲ್ಕು ಹೆಜ್ಜೆಗೇ ಏದುಸಿರು ಬಂದರೆ, ರಾತ್ರಿ ಕೆಮ್ಮು ಹೆಚ್ಚಾದರೆ ಪಕ್ಕದಲ್ಲಿ ಮಲಗಿದವನನ್ನು ಆಗಲೇ ಎಬ್ಬಿಸಲಿ. ಇದನ್ನು ಫೋನಲ್ಲಿ ಹೇಳಬೇಡಿ ಅಮ್ಮ, ಹೊರಡೋ ಮುಂಚೆ ಎದುರು ಕೂರಿಸಿಕೊಂಡು ಹೇಳಿ.