ಹಿಮಾಲಯನ್ 411: ಹಾರ್ನ್ ಒತ್ತಿದರೆ ಫಾಗ್ ಲೈಟ್ ಮಿಣುಕುತ್ತದೆ, ಮಳೆ ಬಂದರೆ ಆರಿಯೇ ಹೋಗುತ್ತದೆ

ಘಾಟಿಸವಾರ
ನಮಸ್ಕಾರ. ನನ್ನದು 2021ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್. ಮಳೆಗಾಲದಲ್ಲೂ ಚಾರ್ಮಾಡಿ ಮೇಲೆ ಓಡಾಟ ಇರುತ್ತದೆ. ಅದಕ್ಕೆ ಕ್ರ್ಯಾಶ್ ಗಾರ್ಡ್‌ಗೆ 20 ವ್ಯಾಟ್‌ನ ಎರಡು ಎಲ್‌ಇಡಿ ಲೈಟ್, ಹ್ಯಾಂಡಲ್ ಮೇಲೆ ಒಂದು ಯುಎಸ್‌ಬಿ ಚಾರ್ಜರ್ ಹಾಕಿಸಿದೆ. ಶುರುವಿನಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಹಾರ್ನ್ ಒತ್ತಿದಾಗಲೆಲ್ಲ ಲೈಟ್ ಪಟಪಟ ಮಿಣುಕುತ್ತದೆ. ಜೋರು ಮಳೆಗೆ ಎರಡೂ ಆರಿಹೋಗುತ್ತವೆ. ಒಣಗಿದ ಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಉರಿಯುತ್ತವೆ. ಇನ್ನೊಂದು ಕಾಟ: ಒಂದು ವಾರ ಬೈಕ್ ತೆಗೆಯದಿದ್ದರೆ ಸೆಲ್ಫ್ ಎತ್ತುವುದಿಲ್ಲ. ಈ ಗಾಡಿಗೆ ಕಿಕ್ಕರ್ ಬೇರೆ ಇಲ್ಲ. ಲೈಟ್ ಹಾಕಿದ ಅಂಗಡಿಯವರು "ಬ್ಯಾಟರಿ ಹೋಗಿದೆ, ಚೇಂಜ್ ಮಾಡಿ" ಅಂದರು. ಹೆಡ್‌ಲೈಟ್ ಮಾತ್ರ ಸರಿಯಾಗಿಯೇ ಇದೆ. ಬ್ಯಾಟರಿ ತಗೊಳ್ಳಲಾ?

ಹಳೇಬುಲೆಟ್
8 ಆಂಪಿಯರ್ ಅವರ್ ಬ್ಯಾಟರಿ ಮೇಲೆ ಇಷ್ಟೆಲ್ಲ ಹೇರಿದರೆ ಇನ್ನೇನಾಗುತ್ತದೆ ಸ್ವಾಮಿ. 14ರದ್ದು ಹಾಕಿ, ಸುಮ್ನೆ ಓಡಿಸಿ.

ತಾಮ್ರತಂತಿ
ಬೇಡ, ಈಗಲೇ ದುಡ್ಡು ಬಿಚ್ಚಬೇಡಿ. ಗಾಡಿ ಓಡುವಾಗ ಲೈಟಿಗೆ ಕರೆಂಟ್ ಕೊಡುವುದು ಆಲ್ಟರ್ನೇಟರ್, ಅಂದರೆ ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಭಾಗ. ಬ್ಯಾಟರಿ ದೊಡ್ಡದಾದರೆ ಆಲ್ಟರ್ನೇಟರ್ ದೊಡ್ಡದಾಗುವುದಿಲ್ಲ. ಮೇಲಾಗಿ 14ರ ಬ್ಯಾಟರಿ ಆ ಜಾಗದಲ್ಲಿ ಕೂರುವುದೂ ಕಷ್ಟ. ನಿಮ್ಮ ಎರಡೂ ಲೈಟ್ ಸೇರಿ 40 ವ್ಯಾಟ್. ಗಾಡಿಯ ಲೋ ಬೀಮ್ ಒಂದೇ 55 ವ್ಯಾಟ್ ತಿನ್ನುತ್ತದೆ. ಅದು ಸರಿಯಾಗಿ ಉರಿಯುತ್ತಿದೆ ಅಂದರೆ ತೊಂದರೆ ಅಂಗಡಿಯವರು ಎಳೆದ ವೈರಿಂಗ್‌ನಲ್ಲೇ ಇರಬೇಕು.

ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ, ಅಗ್ಗದ್ದೇ ಸಾಕು. 20 ವೋಲ್ಟ್ ಡಿಸಿಗೆ ಇಟ್ಟು, ಎಂಜಿನ್ ಐಡಲ್‌ನಲ್ಲಿ, ಲೈಟ್ ಆನ್ ಮಾಡಿ ಇಷ್ಟು ಅಳೆದು ಹೇಳಿ. ಬ್ಯಾಟರಿಯ ಎರಡು ತುದಿ ನಡುವೆ ಎಷ್ಟು? ಲೈಟಿನ ಕನೆಕ್ಟರ್ ಹತ್ತಿರ ಎಷ್ಟು? ಆಮೇಲೆ ಬ್ಯಾಟರಿ ಪ್ಲಸ್‌ನಿಂದ ಲೈಟಿನ ಪ್ಲಸ್‌ಗೆ, ಬ್ಯಾಟರಿ ಮೈನಸ್‌ನಿಂದ ಲೈಟಿನ ಮೈನಸ್‌ಗೆ. ಕೊನೆಯ ಎರಡು ವಿಚಿತ್ರ ಅನ್ನಿಸಬಹುದು, ಆದರೆ ಉತ್ತರ ಇರುವುದೇ ಅಲ್ಲಿ. ಲೈಟ್ ಆಫ್ ಇಟ್ಟು ಅಳೆದರೆ ಪ್ರಯೋಜನವಿಲ್ಲ. ಕರೆಂಟ್ ಹರಿಯದೆ ಕೆಟ್ಟ ಜಾಯಿಂಟ್ ಸಿಕ್ಕಿಬೀಳುವುದಿಲ್ಲ.

ಘಾಟಿಸವಾರ
ಅಳೆದೆ. ಬ್ಯಾಟರಿಯಲ್ಲಿ 13.8. ಲೈಟಿನ ಹತ್ತಿರ 10.6! ಪ್ಲಸ್‌ನಿಂದ ಪ್ಲಸ್‌ಗೆ 0.7, ಮೈನಸ್‌ನಿಂದ ಮೈನಸ್‌ಗೆ 2.5. ವೈರ್ ಹಿಂಬಾಲಿಸಿ ನೋಡಿದೆ. ಪ್ಲಸ್ ಅನ್ನು ಹಾರ್ನ್‌ಗೆ ಹೋಗುವ ವೈರಿನಿಂದ ಚುಚ್ಚಿ ತೆಗೆದಿದ್ದಾರೆ. ರಿಲೇ (ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಫ್ಯೂಸ್ ಏನೂ ಇಲ್ಲ. ಮೈನಸ್ ವೈರನ್ನು ಕ್ರ್ಯಾಶ್ ಗಾರ್ಡ್ ಕ್ಲ್ಯಾಂಪಿನ ಬೋಲ್ಟಿಗೆ ಸುತ್ತಿದ್ದಾರೆ.

ತಾಮ್ರತಂತಿ
ಸಿಕ್ಕಿತು ನೋಡಿ. 13.8 ಇರುವ ಬ್ಯಾಟರಿ ಚೆನ್ನಾಗಿಯೇ ಚಾರ್ಜ್ ಆಗುತ್ತಿದೆ. ಕಾಣೆಯಾದ 3.2 ವೋಲ್ಟ್‌ನಲ್ಲಿ 2.5 ಅರ್ಥಿಂಗ್ (ಮೈನಸ್) ಕಡೆಗೇ ಹೋಗಿದೆ. ಗಾರ್ಡ್ ಮೇಲೆ ಪೌಡರ್ ಕೋಟಿಂಗ್ ಇರುತ್ತದೆ, ಅದು ಕರೆಂಟ್ ಬಿಡುವುದಿಲ್ಲ. ಬೋಲ್ಟ್ ಬಿಗಿ ಮಾಡುವಾಗ ಬಣ್ಣ ಎಲ್ಲೋ ಸ್ವಲ್ಪ ಕೆರೆದು ಲೋಹ ತಾಗಿತ್ತು, ಅದಕ್ಕೇ ಶುರುವಿನಲ್ಲಿ ಸರಿ ಇತ್ತು. ಆ ಜಾಗಕ್ಕೆ ತುಕ್ಕು ಹಿಡಿಯಿತು. ನೀರು ಬಿದ್ದರೆ ಇನ್ನೂ ಹಾಳು. 40 ವ್ಯಾಟ್‌ಗೆ 10.6 ವೋಲ್ಟ್‌ನಲ್ಲಿ ಸುಮಾರು 3.8 ಆಂಪಿಯರ್ ಆಯಿತು. ಅದನ್ನು 2.5ರಿಂದ ಗುಣಿಸಿ. 9 ವ್ಯಾಟ್‌ಗಿಂತ ಜಾಸ್ತಿ ಆ ಬೋಲ್ಟಿನ ಸುತ್ತಲೇ ಬಿಸಿಯಾಗಿ ಹೋಗುತ್ತಿದೆ.

ಪಟಪಟ ಯಾಕೆ? ಹ್ಯಾಲೊಜೆನ್ ಬಲ್ಬ್ ಆಗಿದ್ದರೆ ಮಂಕಾಗಿ ಉರಿಯುತ್ತಿತ್ತು, ಅಷ್ಟೆ. ಎಲ್‌ಇಡಿ ಒಳಗೆ ಡ್ರೈವರ್, ಅಂದರೆ ಅದಕ್ಕೆ ಹೋಗುವ ಕರೆಂಟನ್ನು ಹದ್ದಿನಲ್ಲಿಡುವ ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ಇಳಿದರೆ ಅಷ್ಟೇ ವ್ಯಾಟ್ ತೆಗೆಯಲು ಅದು ಕರೆಂಟ್ ಜಾಸ್ತಿ ಎಳೆಯುತ್ತದೆ. ಕರೆಂಟ್ ಜಾಸ್ತಿಯಾದಷ್ಟೂ ಕೆಟ್ಟ ಜಾಯಿಂಟಿನಲ್ಲಿ ವೋಲ್ಟೇಜ್ ಇನ್ನಷ್ಟು ಬೀಳುತ್ತದೆ. ಒಂದು ಮಟ್ಟಕ್ಕಿಂತ ಕೆಳಗೆ ಬಂದರೆ ಡ್ರೈವರ್ ಆಫ್. ಹೊರೆ ಹೋಯಿತಲ್ಲ, ವೋಲ್ಟೇಜ್ ಏರಿತು, ಡ್ರೈವರ್ ಮತ್ತೆ ಆನ್. ಹೀಗೇ ಸುತ್ತುತ್ತದೆ. ಮೊದಲೇ ಅಂಚಿನಲ್ಲಿದ್ದ ಲೈಟಿಗೆ ಹಾರ್ನ್ ಅದೇ ವೈರಿನಲ್ಲಿ ಪಾಲು ಕೇಳಿದರೆ ಮುಗಿಯಿತು. ಹೆಡ್‌ಲೈಟ್‌ಗೆ ಕಂಪನಿಯದ್ದೇ ಅರ್ಥ್ ವೈರ್ ಇದೆ, ಅದಕ್ಕೆ ಈ ರಗಳೆ ತಟ್ಟಿಲ್ಲ.

ಹೊಸದಾಗಿ ಹೀಗೆ ಮಾಡಿ. 12 ವೋಲ್ಟ್‌ನ 4 ಪಿನ್ ರಿಲೇ ತನ್ನಿ. ಬ್ಯಾಟರಿ ಪ್ಲಸ್‌ನಿಂದ ಬ್ಲೇಡ್ ಫ್ಯೂಸ್ ದಾಟಿ ಪಿನ್ 30ಕ್ಕೆ. ಪಿನ್ 87ರಿಂದ ಎರಡೂ ಲೈಟಿನ ಪ್ಲಸ್‌ಗೆ. ಪಿನ್ 86ಕ್ಕೆ ಹ್ಯಾಂಡಲ್ ಸ್ವಿಚ್ ಮೂಲಕ ಪಾರ್ಕಿಂಗ್ ಲೈಟಿನ ಪ್ಲಸ್ ಕೊಡಿ. 85 ಅರ್ಥ್‌ಗೆ. ಕೀ ತೆಗೆದರೆ ರಿಲೇ ಬಿಟ್ಟುಕೊಳ್ಳುತ್ತದೆ, ಲೈಟ್ ಮರೆತು ಹೋಗುವ ಭಯವಿಲ್ಲ. ಸ್ವಿಚ್ ಮೂಲಕ ಹರಿಯುವುದು ರಿಲೇ ಕಾಯಿಲ್‌ನ ಚೂರು ಕರೆಂಟ್ ಮಾತ್ರ, ಅದು ಸುಡುವ ಪ್ರಶ್ನೆಯೇ ಇಲ್ಲ. ಕೆಲವು ರಿಲೇಗಳ ಒಳಗೆ ಡಯೋಡ್ ಇರುತ್ತದೆ. ಅಂಥದ್ದರಲ್ಲಿ 85, 86 ಅದಲುಬದಲು ಮಾಡಬೇಡಿ.

ಮೈನಸ್ ಅನ್ನು ಪ್ರತ್ಯೇಕ ವೈರಿನಲ್ಲಿ ನೇರ ಬ್ಯಾಟರಿ ಮೈನಸ್‌ಗೆ ಒಯ್ಯಿರಿ. ಗಾರ್ಡ್, ಹ್ಯಾಂಡಲ್, ಚಾಸಿ ಯಾವುದನ್ನೂ ನಂಬಬೇಡಿ.

ಫ್ಯೂಸ್ 7.5 ಆಂಪಿಯರ್ ಸಾಕು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸ್ ಇರುವುದು ವೈರನ್ನು ಉಳಿಸಲು. ಲೈಟಿನ ಪಕ್ಕ ಇಟ್ಟರೆ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಏನೂ ಮಾಡಲಾರದು.

ಹಳೇಬುಲೆಟ್
ಒಪ್ಪಿದೆ ಮಾರಾಯ್ರೆ. ವೈರ್ ಯಾವುದು? ಮನೆಯಲ್ಲಿ ಉಳಿದ ಹೌಸ್ ವೈರಿಂಗ್ ತುಂಡು ನಡೆಯುತ್ತಾ?

ತಾಮ್ರತಂತಿ
ಒಂಟಿ ಎಳೆಯದ್ದಾದರೆ ಖಂಡಿತ ಬೇಡ, ವೈಬ್ರೇಷನ್‌ಗೆ ಒಳಗೇ ಮುರಿಯುತ್ತದೆ. ಆಟೋ ಅಂಗಡಿಯಲ್ಲಿ ಸಿಗುವ ಬಹು ಎಳೆಯ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ತನ್ನಿ. ಜಾಯಿಂಟನ್ನು ಕ್ರಿಂಪ್ ಮಾಡಿ (ಲೋಹದ ತುದಿಯೊಳಗೆ ವೈರ್ ಇಟ್ಟು ಒತ್ತಿ ಬಿಗಿ ಮಾಡುವುದು), ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ಬರೀ ತಿರುಚಿ ಟೇಪ್ ಸುತ್ತಿದರೆ ಒಂದು ಮಳೆಗಾಲಕ್ಕೆ ಟೇಪಿನ ಅಂಟು ಬಿಡುತ್ತದೆ.

ಘಾಟಿಸವಾರ
ಹಾಗೇ ಮಾಡಿದೆ. ಈಗ ಐಡಲ್‌ನಲ್ಲಿ ಲೈಟಿನ ಹತ್ತಿರ 13.5. ಹಾರ್ನ್ ಒತ್ತಿದರೂ ಅಲುಗಾಡುವುದಿಲ್ಲ. ಪೈಪ್ ಹಿಡಿದು ನೀರು ಬಿಟ್ಟೂ ನೋಡಿದೆ. ಆದರೆ ನಿಲ್ಲಿಸಿದರೆ ಬ್ಯಾಟರಿ ಇಳಿಯುವುದು ಹಾಗೇ ಇದೆ.

ತಾಮ್ರತಂತಿ
ಅದು ಬೇರೆಯೇ ಕಥೆ, ನನ್ನ ಅನುಮಾನ ಚಾರ್ಜರ್ ಮೇಲೆ. ಮೀಟರನ್ನು 10 ಆಂಪಿಯರ್ ಸಾಕೆಟ್‌ಗೆ ಬದಲಿಸಿ. ಕೀ ಆಫ್ ಮಾಡಿ, ಬ್ಯಾಟರಿ ಮೈನಸ್ ಬಿಚ್ಚಿ, ಬಿಚ್ಚಿದ ವೈರ್ ಮತ್ತು ಬ್ಯಾಟರಿ ನಡುವೆ ಮೀಟರ್ ಹಿಡಿಯಿರಿ. ಹಾಗೆ ಇರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ತಬೇಡಿ, ಮೀಟರ್ ಫ್ಯೂಸ್ ಹೋಗುತ್ತದೆ.

ಘಾಟಿಸವಾರ
0.06 ಆಂಪಿಯರ್. ಚಾರ್ಜರ್ ಕಿತ್ತರೆ ಸೊನ್ನೆ.

ತಾಮ್ರತಂತಿ
8 ಅನ್ನು 0.06ರಿಂದ ಭಾಗಿಸಿ, 133 ಗಂಟೆ. ಐದೂವರೆ ದಿನಕ್ಕೆ ಪೂರ್ತಿ ಖಾಲಿ, ಸೆಲ್ಫ್ ಅದಕ್ಕೂ ಮೊದಲೇ ಸೋಲುತ್ತದೆ. ಚಾರ್ಜರ್ ನೇರ ಬ್ಯಾಟರಿಗೆ ಇದೆ, ಫೋನ್ ಇಲ್ಲದಿದ್ದರೂ ಒಳಗಿನ ಸರ್ಕ್ಯೂಟ್ ಎಚ್ಚರವಾಗಿರುತ್ತದೆ. ಅದರ ಪ್ಲಸ್ ಅನ್ನೂ ಕೀ ಆನ್ ಆದಾಗ ಮಾತ್ರ ಎಳೆದುಕೊಳ್ಳುವ ಇನ್ನೊಂದು ರಿಲೇ ಮೂಲಕ, ಬೇರೆ ಫ್ಯೂಸ್ ಹಾಕಿ ಕೊಡಿ. ಬ್ಯಾಟರಿ ಹೀಗೆ ಮತ್ತೆ ಮತ್ತೆ ಪೂರ್ತಿ ಇಳಿದರೆ ನಿಜಕ್ಕೂ ಹಾಳಾಗುತ್ತದೆ. ಒಮ್ಮೆ ಪೂರ್ತಿ ಚಾರ್ಜ್ ಮಾಡಿ ರಾತ್ರಿ ಬಿಟ್ಟು ನೋಡಿ. 12.6ರ ಮೇಲೆ ನಿಂತರೆ ಇನ್ನೂ ಜೀವ ಇದೆ.

ಕಾಫಿತೋಟ
ಮಧ್ಯೆ ಬಾಯಿ ಹಾಕುತ್ತೇನೆ. ಮಂಜಿಗೆ ಹಳದಿ ಲೈಟೇ ಬೇಕಾ? ಪೊಲೀಸರ ಕಾಟ ಇದೆಯಾ?

ತಾಮ್ರತಂತಿ
ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ದೊಡ್ಡವು. ಹಾಗಾಗಿ ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಅನ್ನುವುದು ಬರೀ ಮಾತು. ಕೆಲವರ ಕಣ್ಣಿಗೆ ಹಿತ ಅನ್ನಿಸುತ್ತದೆ, ಅದು ಸರಿ. ಮುಖ್ಯವಾದದ್ದು ಲೈಟ್ ಕೆಳಗಿರಬೇಕು, ಬೆಳಕು ಅಗಲವಾಗಿ ನೆಲಕ್ಕೆ ಬೀಳಬೇಕು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ.

ಪೊಲೀಸರ ವಿಷಯ ತಮಾಷೆಯಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಾದ ಮೇಲೆ, ಕಾಯ್ದೆ ಒಪ್ಪದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಹಾಕಲು ಅವಕಾಶವಿದೆ. 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ರಾಜ್ಯದ ಪೊಲೀಸರು ಕಾರ್ಯಾಚರಣೆಯನ್ನೇ ನಡೆಸಿದ್ದರು. ಊರೊಳಗೆ ಆಫ್ ಇರಲಿ, ಎದುರಿಗೆ ಗಾಡಿ ಬಂದರೂ ಆಫ್ ಮಾಡಿ. ಘಾಟಿಯ ತಿರುವಿನಲ್ಲಿ ಎದುರಿನ ಬಸ್ ಡ್ರೈವರ್‌ಗೆ ಕಣ್ಣು ಕಾಣದಿದ್ದರೆ ಮೊದಲು ಪೆಟ್ಟು ಬೀಳುವುದು ನಮಗೇ, ಅಲ್ವಾ?

ಘಾಟಿಸವಾರ
ಚಾರ್ಜರ್‌ಗೂ ರಿಲೇ ಹಾಕಿದೆ, ಕೀ ಆಫ್ ಮಾಡಿದರೆ ಮೀಟರ್ ಸೊನ್ನೆ. ಬ್ಯಾಟರಿ ಬೆಳಿಗ್ಗೆ 12.7 ತೋರಿಸಿತು, ಹಳೆಯದನ್ನೇ ಇಟ್ಟುಕೊಂಡಿದ್ದೇನೆ. ರಿಲೇಗಳನ್ನು ಸೀಟಿನ ಕೆಳಗೆ ಜಿಪ್ ಟೈ ಹಾಕಿ ಕಟ್ಟಿದರೆ ಸಾಕಾ?

ತಾಮ್ರತಂತಿ
ಸಾಕು. ಪಿನ್‌ಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ. ಲೈಟ್ ಆನ್ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಸ್ವಿಚ್ಚಿನ ವೈರ್ ಎಲ್ಲಾದರೂ ಎಳೆದಂತಾದರೆ ಈಗಲೇ ಸ್ವಲ್ಪ ಸಡಿಲ ಬಿಡಿ.