ಅಪ್‌ಡೇಟ್: ಮದುವೆಗೆ ಬೇಕಾಗಿದ್ದ ಜ್ಞಾನಸ್ನಾನದ ಪ್ರಮಾಣಪತ್ರ ಸಿಕ್ಕಿತು

ಸಕಲೇಶಪುರದ ಕಡೆಯ ಚರ್ಚೊಂದರಲ್ಲಿ ಜ್ಞಾನಸ್ನಾನ (ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ, ಬ್ಯಾಪ್ಟಿಸಂ) ಪಡೆದ ನನ್ನ ಹೆಸರು ಅಲ್ಲಿನ ದಾಖಲೆಯಲ್ಲಿ ಸಿಗದೆ, ಹಾಸನದಲ್ಲಿ ನಡೆಯಬೇಕಾದ ಮದುವೆಯ ಸಿದ್ಧತೆ ನಿಂತಿದೆ ಎಂದು ಹತ್ತು ದಿನಗಳ ಹಿಂದೆ ಬರೆದು ಸಲಹೆ ಕೇಳಿದ್ದೆ.

ಮೊದಲ ಪರಮಪ್ರಸಾದದ (ಫಸ್ಟ್ ಕಮ್ಯುನಿಯನ್) ಸರ್ಟಿಫಿಕೇಟ್ ತೋರಿಸಿ ಎಂಬ ಸಲಹೆ ಫಲಿಸಲಿಲ್ಲ. ವ್ಯಕ್ತಿ ಮುಂದೆ ಪಡೆಯುವ ದೃಢೀಕರಣ (ಕನ್ಫರ್ಮೇಶನ್ ಎಂಬ ಸಂಸ್ಕಾರ), ವಿವಾಹಗಳೆಲ್ಲ ಜ್ಞಾನಸ್ನಾನದ ಪುಸ್ತಕದಲ್ಲೇ ನಮೂದಾಗುವುದರಿಂದ, ಈ ಮೊದಲು ಮದುವೆಯಾಗಿಲ್ಲವೆಂದು ತಿಳಿಯಲು ಆರು ತಿಂಗಳೊಳಗಿನ ಹೊಸ ಪ್ರತಿಯೇ ಬೇಕೆಂದು ಹಾಸನದ ಚರ್ಚಿನ ಗುರುಗಳು ವಿವರಿಸಿದರು. ಚಿಕ್ಕಮಗಳೂರಿನ ಬಿಷಪ್ ಹೌಸ್‌ಗೆ (ಬಿಷಪರ ಕಚೇರಿಗೆ) ಬರೆಯಿರಿ ಎಂಬ ಸಲಹೆಯೂ ಬಂದಿತ್ತು; ಅದರ ಅಗತ್ಯ ಬೀಳಲಿಲ್ಲ.

ಕೆಲಸಕ್ಕೆ ಬಂದದ್ದು, ಧರ್ಮಮಾತೆಯ (ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಗಾಡ್‌ಮದರ್) ಹೆಸರು ಹಿಡಿದು ಹುಡುಕಿಸಿ ಎಂದವರ ಮಾತು. ಅಜ್ಜಿಯನ್ನು ಕೇಳಿದಾಗ, ನನ್ನನ್ನು ಎತ್ತಿಕೊಂಡವರು ದೊಡ್ಡಮ್ಮನೆಂದೂ ಅಂದು ಇಟ್ಟ ಹೆಸರು ಜೋಸೆಫ್ ಎಂದೂ ತಿಳಿಯಿತು; ನಾವು ಇಷ್ಟು ದಿನ ಹುಡುಕಿಸಿದ್ದು ಶಾಲೆಯ ಹೆಸರನ್ನು! ಅಂಚು ಹರಿದ ಉದ್ದನೆಯ ಪುಸ್ತಕದಲ್ಲಿ, ಅಪ್ಪನ ಹೆಸರಿನ ಪಕ್ಕದಲ್ಲೇ ದೊಡ್ಡಮ್ಮನ ಹೆಸರೂ ಇತ್ತು.

ಆಶ್ಚರ್ಯವೆಂದರೆ, ಹಾಸನದಲ್ಲಿ ನಾನು ಪಡೆದ ದೃಢೀಕರಣದ ವಿಷಯ ಸಕಲೇಶಪುರದ ಕಡೆಯ ಆ ಚರ್ಚಿಗೆ ತಲುಪಿರಲೇ ಇಲ್ಲ. ಹಾಸನದಿಂದ ಪತ್ರ ಒಯ್ದ ಮೇಲೆ ಅಲ್ಲಿನ ಫಾದರ್ ನೀಲಿ ಶಾಯಿಯಲ್ಲಿ ಅದನ್ನು ಬರೆದು ಹೊಸ ಪ್ರತಿ ಕೊಟ್ಟರು. ಯಾರ ಹಿತಕ್ಕೂ ಧಕ್ಕೆಯಾಗದಿದ್ದಲ್ಲಿ, ದಾಖಲೆ ಇಲ್ಲದಿದ್ದರೂ ನಂಬಿಕಸ್ಥ ಸಾಕ್ಷಿ ಒಬ್ಬರ ಹೇಳಿಕೆ ಜ್ಞಾನಸ್ನಾನಕ್ಕೆ ಪುರಾವೆಯಾಗುತ್ತದೆ ಎಂಬ ನಿಯಮ ಧರ್ಮಸಭೆಯ (ಕ್ಯಾಥೊಲಿಕ್ ಚರ್ಚಿನ) ಕಾನೂನಿನಲ್ಲೇ ಇದೆಯಂತೆ. ಮೊದಲೇ ಗೊತ್ತಿದ್ದರೆ ಅಷ್ಟು ನಿದ್ದೆಗೆಡುತ್ತಿರಲಿಲ್ಲ.

ಈ ಭಾನುವಾರದ ಪೂಜೆಯಲ್ಲಿ ನಮ್ಮ ಮದುವೆಯ ಮೊದಲ ಪ್ರಕಟಣೆಯನ್ನು (ಮದುವೆಗೆ ಮುನ್ನ ಎಲ್ಲರಿಗೂ ತಿಳಿಸುವ ಘೋಷಣೆ) ಓದಲಿದ್ದಾರೆ.